ಅತ್ತೆಯವರೊಂದಿಗೆ ತಾಷ್ಕೆಂಟ್ ಪ್ರವಾಸ: ನಗರಕ್ಕೆ ಒಂದು ದಿನ ಸಾಕೇ?

ಪ್ರಶ್ನೆ: ಡೊಂಬಿವಲಿಯ ಸೊಸೆ

ಎಲ್ಲರಿಗೂ ನಮಸ್ಕಾರ. ಮಗಳ ದೀಪಾವಳಿ ರಜೆಯಲ್ಲಿ ಉಜ್ಬೇಕಿಸ್ತಾನಕ್ಕೆ ಹೋಗಿಬರುವ ಯೋಚನೆ ನಮ್ಮ ಮನೆಯಲ್ಲಿ ಬಹಳ ಕಾಲದಿಂದ ನಡೆದಿದೆ. ನಾನು, ಯಜಮಾನರು, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಮತ್ತು ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಹೊರಡುವವರು. ಸಮರ್ಖಂಡ ನೋಡಬೇಕೆಂಬ ಆಸೆ ಯಜಮಾನರದು, ತಾಷ್ಕೆಂಟ್ ನೋಡಬೇಕೆಂಬ ಆಸೆ ಅತ್ತೆಯವರದು. 1965ರ ಯುದ್ಧದ ದಿನಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಕರೆ ಕೊಟ್ಟಾಗ ಧಾರವಾಡದ ಅವರ ತವರಿನಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲವಂತೆ. ಮರುವರ್ಷ ಜನವರಿಯಲ್ಲಿ ಅದೇ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡ ಸುದ್ದಿ ಬಂದಂದಿನಿಂದ ಆ ಊರಿನ ಹೆಸರು ಅವರ ಮನಸ್ಸಿನಲ್ಲಿ ಉಳಿದಿದೆ.

ದಾದರ್ ಮತ್ತು ಠಾಣೆಯ ಕೆಲವು ಪ್ರವಾಸ ಸಂಸ್ಥೆಗಳಲ್ಲಿ ವಿಚಾರಿಸಿದೆವು. ಅವರ ಪಟ್ಟಿಗಳಲ್ಲಿ ತಾಷ್ಕೆಂಟಿಗೆ ಇಟ್ಟಿರುವುದು ಒಂದು ದಿನ, ಅದರಲ್ಲಿಯೂ ಸಂಜೆಯ ಪಾಲು ನೃತ್ಯಪ್ರದರ್ಶನದೊಂದಿಗಿನ ಭೋಜನಕೂಟಕ್ಕೆ ಹೋಗುತ್ತದೆ. ಇನ್ನೊಬ್ಬರಂತೂ ಗಂಡಸರ ಗುಂಪುಗಳೇ ಹೆಚ್ಚಾಗಿ ಹೋಗುವ ಊರಿಗೆ ಮನೆಯವರನ್ನೇಕೆ ಕರೆದೊಯ್ಯುತ್ತೀರಿ ಎಂದು ಕೇಳಿದರು. ಅತ್ತೆಯವರನ್ನು ಅಂಥ ಗುಂಪಿನಲ್ಲಿ ಸೇರಿಸಲು ನಮಗೆ ಇಷ್ಟವಿಲ್ಲ. ಸ್ವತಂತ್ರವಾಗಿ ಹೋದರೆ ಹೇಗೆ, ತಾಷ್ಕೆಂಟಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ನೋಡುವಂಥದ್ದು ನಿಜವಾಗಿಯೂ ಇದೆಯೇ, ಮೊಟ್ಟೆಯನ್ನೂ ಮುಟ್ಟದ ಅತ್ತೆಯವರಿಗೆ ಅಲ್ಲಿ ಊಟ ಸಿಕ್ಕುತ್ತದೆಯೇ, ಭಾಷೆ ಬಾರದ ನಾವು ಓಡಾಡಬಲ್ಲೆವೇ ಎಂಬುದನ್ನು ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಚಿಂಚವಡದ ನಿವೃತ್ತ ಎಂಜಿನಿಯರ್

ನಮಸ್ಕಾರ ತಂಗಿ. ತಾಷ್ಕೆಂಟಿಗೆ ಒಂದು ದಿನ ಸಾಲುವುದಿಲ್ಲ, ಮೂರು ದಿನ ಇಟ್ಟುಕೊಳ್ಳಿ. ಕಟ್ಟಡ ನಿರ್ಮಾಣದಲ್ಲಿಯೇ ಆಯುಷ್ಯ ಕಳೆದವನಾದ್ದರಿಂದ ಆ ಊರಿನ ಬಗ್ಗೆ ನನಗೆ ವಿಶೇಷವಾದ ಪ್ರೀತಿಯಿದೆ. ಪ್ರವಾಸ ಸಂಸ್ಥೆಗಳು ಅದನ್ನು ವಿಮಾನ ಇಳಿದು ಮುಂದಕ್ಕೆ ಹೋಗುವ ತಂಗುದಾಣವೆಂದು ಕಾಣುವುದು ನನಗೆ ಸರಿಯೆನಿಸುವುದಿಲ್ಲ.

ಹೋದವರು ಹೆಚ್ಚಾಗಿ ಹೇಳುವ ದೂರೆಂದರೆ ಎರಡು ಸಾವಿರ ವರ್ಷಕ್ಕೂ ಹಳೆಯದೆನ್ನುವ ಊರಿನಲ್ಲಿ ಹಳೆಯದೇನೂ ಕಾಣಿಸುವುದಿಲ್ಲ, ಎಲ್ಲಿ ನೋಡಿದರೂ ಅಗಲವಾದ ರಸ್ತೆ ಮತ್ತು ಸೋವಿಯತ್ ಕಾಲದ ಕಟ್ಟಡ ಎಂಬುದು. ಅದಕ್ಕೆ ಕಾರಣವಿದೆ. 1966ರ ಏಪ್ರಿಲ್ 26ರ ಮುಂಜಾನೆ 5 ಗಂಟೆ 23 ನಿಮಿಷಕ್ಕೆ ನಗರದ ನಡುಭಾಗದ ಕೆಳಗೇ ಭೂಮಿ ಕಂಪಿಸಿತು. ಅಂಕಿಯಲ್ಲಿ ನೋಡಿದರೆ ಅದು ಭಾರೀ ಭೂಕಂಪವಲ್ಲ, ತೀವ್ರತೆ ಸುಮಾರು 5.2 ಮಾತ್ರ. ಆದರೆ ಕಂಪನದ ಮೂಲ ನೆಲದಿಂದ ಕೆಲವೇ ಕಿಲೋಮೀಟರ್ ಆಳದಲ್ಲಿದ್ದುದರಿಂದ ಮೇಲಿನ ಮಣ್ಣಿನ ಗೋಡೆಯ ಮನೆಗಳಿಗೆ ಕೆಳಗಿನಿಂದ ನೇರವಾದ ಹೊಡೆತ ಬಿದ್ದಿತು. ಸತ್ತವರು ಕಡಿಮೆ, ಮನೆ ಕಳೆದುಕೊಂಡವರು ಸುಮಾರು ಮೂರು ಲಕ್ಷ. ಆ ಬಳಿಕ ಸೋವಿಯತ್ ಒಕ್ಕೂಟದ ಎಲ್ಲ ಗಣರಾಜ್ಯಗಳಿಂದಲೂ ಕೆಲಸಗಾರರು, ವಾಸ್ತುಶಿಲ್ಪಿಗಳು, ಸಾಮಗ್ರಿ ಹೊತ್ತ ರೈಲುಗಳು ಬಂದು ಒಂದೊಂದು ಬಡಾವಣೆಯನ್ನು ಒಂದೊಂದು ತಂಡ ಕಟ್ಟಿತು. ತಾವು ಈಗ ನೋಡಲಿರುವುದು ಆ ನಗರವನ್ನು.

ಇದನ್ನು ತಿಳಿದುಕೊಂಡು ಹೋದರೆ ಸಾಲುಸಾಲು ವಸತಿ ಕಟ್ಟಡಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಕಾರ್ಖಾನೆಯಲ್ಲಿ ಎರಕಹೊಯ್ದು ತಂದ ಕಾಂಕ್ರೀಟ್ ಫಲಕಗಳನ್ನು ಜೋಡಿಸಿ ಕಟ್ಟಿದ ಮನೆಗಳು ಮಾಸ್ಕೋದಲ್ಲೂ ಇವೆ, ಬೇರೆಡೆಯೂ ಇವೆ. ಆದರೆ ತಾಷ್ಕೆಂಟಿನಲ್ಲಿ ಅವುಗಳ ಪಕ್ಕದ ಗೋಡೆಗಳ ಮೇಲೆ ಇಡೀ ಎತ್ತರಕ್ಕೂ ಬಣ್ಣದ ತುಣುಕುಗಳ ಮೊಸಾಯಿಕ್ ಚಿತ್ರಗಳಿವೆ. ಝಾರ್ಸ್ಕಿ ಸಹೋದರರು ಇಂಥ ಅನೇಕ ಗೋಡೆಗಳನ್ನು ರಚಿಸಿದರು. ಬಿಸಿಲು ಚುಚ್ಚುವ ಊರಾದ್ದರಿಂದ ಹಲವು ಕಟ್ಟಡಗಳ ಮುಂಭಾಗಕ್ಕೆ ಜಾಲಂಧ್ರದಂಥ ಕಾಂಕ್ರೀಟ್ ಪರದೆಗಳನ್ನು ಕೂರಿಸಿದ್ದಾರೆ. ನೆರಳು ಬೀಳಿಸುವ ಕೆಲಸವನ್ನೂ ಅಂದದ ಕೆಲಸವನ್ನೂ ಅವು ಒಟ್ಟಿಗೇ ಮಾಡುತ್ತವೆ. ಅಮೀರ್ ತೈಮೂರ್ ಚೌಕದ ಬಳಿ, 1974ರಲ್ಲಿ ತೆರೆದ ಹೋಟೆಲ್ ಉಜ್ಬೇಕಿಸ್ತಾನ್ ಕಟ್ಟಡವನ್ನು ಎದುರಿನಿಂದ ನೋಡಿದರೆ ನಾನು ಹೇಳಿದ್ದು ಅರ್ಥವಾಗುತ್ತದೆ. ಭೂಕಂಪದ ಸ್ಮಾರಕವನ್ನಂತೂ ಬಿಡಬೇಡಿ. ಬಿರುಕು ಬಿಟ್ಟ ಕಲ್ಲಿನ ಘನವೊಂದರ ಮೇಲೆ ಗಡಿಯಾರದ ಮುಳ್ಳುಗಳು 5:23 ತೋರಿಸುತ್ತಿವೆ, ಅದರ ಹಿಂದೆ ಹೆಂಡತಿ ಮಗುವನ್ನು ಮರೆಮಾಡಿ ನಿಂತ ಗಂಡಸಿನ ಪ್ರತಿಮೆಯಿದೆ. ಮದುವೆಯಾದ ಜೋಡಿಗಳು ಅಲ್ಲಿಗೆ ಬಂದು ಹೂವಿಡುವುದನ್ನು ಕಂಡಿದ್ದೇನೆ.

ಮೆಟ್ರೊ ಇನ್ನೊಂದು ಕಾರಣ. ಮಧ್ಯ ಏಷ್ಯಾದ ಮೊದಲ ಮೆಟ್ರೊ ಅದು, 1977ರಲ್ಲಿ ಓಡಾಟ ಆರಂಭಿಸಿತು. ಭೂಕಂಪವನ್ನು ಅನುಭವಿಸಿದ ಊರು ನೆಲದಡಿಯಲ್ಲಿ ಅಷ್ಟು ಧೈರ್ಯ ತೋರಿತೆಂಬುದೇ ನನಗೆ ಅಚ್ಚರಿ. ಅಲಿಶೇರ್ ನವಾಯಿ ನಿಲ್ದಾಣದಲ್ಲಿ ಮೇಲ್ಛಾವಣಿಯೆಲ್ಲ ಗುಮ್ಮಟಗಳ ಸಾಲು. ಕಾಸ್ಮೊನಾವ್ಟ್ಲಾರ್ ನಿಲ್ದಾಣದಲ್ಲಿ ಕಡುನೀಲಿಯಿಂದ ತಿಳಿಗೆ ಇಳಿಯುವ ಗೋಡೆಗಳ ಮೇಲೆ ಯೂರಿ ಗಗಾರಿನ್, ವ್ಯಾಲೆಂಟಿನಾ ತೆರೆಶ್ಕೋವಾ ಅವರ ಜೊತೆಗೆ ಹದಿನೈದನೆಯ ಶತಮಾನದ ಖಗೋಳಜ್ಞ ದೊರೆ ಉಲೂಗ್ ಬೇಗ್ ಕೂಡ ಇದ್ದಾನೆ. ಈ ಮಾರ್ಗ ತೆರೆದದ್ದು 1984ರಲ್ಲಿ, ನಮ್ಮ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಅಂತರಿಕ್ಷಕ್ಕೆ ಹೋದ ವರ್ಷವೇ ಎಂದು ಮಗಳಿಗೆ ಹೇಳಿ. ನಿಲ್ದಾಣಗಳನ್ನು ಅಣುದಾಳಿಯ ಕಾಲದ ಆಶ್ರಯತಾಣಗಳಾಗಿಯೂ ಯೋಜಿಸಿದ್ದರಿಂದ ಅಲ್ಲಿ ಛಾಯಾಚಿತ್ರ ತೆಗೆಯುವುದಕ್ಕೆ ನಿಷೇಧವಿತ್ತು. 2018ರಲ್ಲಿ ಅದನ್ನು ತೆಗೆದುಹಾಕಿದರು. ಪ್ರವೇಶದ್ವಾರದಲ್ಲಿ ಚೀಲ ತಪಾಸಣೆ ಮಾಡುತ್ತಾರೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಅನೇಕ ನಿಲ್ದಾಣಗಳಲ್ಲಿ ಮೆಟ್ಟಿಲುಗಳು ಬಹಳ. ಅತ್ತೆಯವರ ಮೊಣಕಾಲಿನ ಸ್ಥಿತಿ ನೋಡಿಕೊಂಡು ಈ ಎರಡು ನಿಲ್ದಾಣಗಳನ್ನಷ್ಟೇ ತೋರಿಸಿ, ಉಳಿದ ಓಡಾಟಕ್ಕೆ ಟ್ಯಾಕ್ಸಿ ಬಳಸಿ. ಯಾಂಡೆಕ್ಸ್ ಗೋ ಎಂಬ ಆ್ಯಪ್ ಅಲ್ಲಿ ಎಲ್ಲರೂ ಬಳಸುವಂಥದ್ದು, ಹೋಗಬೇಕಾದ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿದರೆ ಚಾಲಕನೊಂದಿಗೆ ಮಾತಿನ ಅಗತ್ಯವೇ ಬೀಳುವುದಿಲ್ಲ.

ಸಂಜೆಯ ವಿಷಯಕ್ಕೆ ಬರೋಣ. ನೃತ್ಯಕೂಟಕ್ಕೆ ಬದಲಾಗಿ ನವಾಯಿ ರಂಗಮಂದಿರದಲ್ಲಿ ಬ್ಯಾಲೆ ಅಥವಾ ಆಪೆರಾ ನೋಡಿ. ಮಾಸ್ಕೋದ ಲೆನಿನ್ ಸಮಾಧಿಯನ್ನು ರೂಪಿಸಿದ ಅಲೆಕ್ಸೀ ಶ್ಚೂಸೆವ್ ಇದರ ವಾಸ್ತುಶಿಲ್ಪಿ. 1947ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಕೆಲಸದಲ್ಲಿ ಜಪಾನೀ ಯುದ್ಧಕೈದಿಗಳು ದುಡಿದಿದ್ದರು, ಅವರ ನೆನಪಿನ ಫಲಕ ಗೋಡೆಯ ಮೇಲಿದೆ. 1966ರ ಭೂಕಂಪದಲ್ಲಿ ಈ ಕಟ್ಟಡ ಅಲುಗದೆ ನಿಂತಿತು. ಒಳಗಿನ ಆರು ಮೊಗಸಾಲೆಗಳನ್ನು ತಾಷ್ಕೆಂಟ್, ಸಮರ್ಖಂಡ, ಬುಖಾರಾ, ಖೋರೆಜ್ಮ್, ಫರ್ಗಾನಾ, ತೆರ್ಮೆಜ್ ಈ ಆರು ಪ್ರದೇಶಗಳ ಕೆತ್ತನೆಯ ಶೈಲಿಯಲ್ಲಿ ಅಲ್ಲಲ್ಲಿಯ ಕುಶಲಕರ್ಮಿಗಳೇ ಮಾಡಿದ್ದಾರೆ. ವಿರಾಮದ ವೇಳೆಯಲ್ಲಿ ಸುತ್ತಾಡಿ ಗೋಡೆಯ ಗಂಚ್ ಎಂಬ ಗಾರೆಯ ಕೆತ್ತನೆಯನ್ನು ಹತ್ತಿರದಿಂದ ನೋಡಿ. ಅಲ್ಲಿಯ ಕುಟುಂಬಗಳು ಅಜ್ಜಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಬರುವ ಜಾಗ ಅದು.

ಉತ್ತರ: ವಾಸ್ಕೋದ ತಾಯಿ

ನನ್ನ ಮಗಳು ಆ ದೇಶದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ, ಅವಳನ್ನು ನೋಡಲು ಹೋದಾಗಲೆಲ್ಲ ತಾಷ್ಕೆಂಟಿನಲ್ಲಿ ಉಳಿದಿದ್ದೇನೆ. ನಾವೂ ಶುದ್ಧ ಸಸ್ಯಾಹಾರಿಗಳು, ಕಾರವಾರದ ಕಡೆಯವರಾದರೂ ಮೀನು ತಿನ್ನುವ ಮನೆತನವಲ್ಲ. ಆದ್ದರಿಂದ ಊಟದ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ಹೊರಗಿನವರಿಗೆ ಗೊತ್ತಾಗದ ಸಂಗತಿಗಳಿವೆ.

ಅವರ ಹೆಮ್ಮೆಯ ಅಡುಗೆ ಪಲೋವ್. ಅದನ್ನು ಅವರು ಓಶ್ ಎಂದೂ ಕರೆಯುತ್ತಾರೆ. ಅಕ್ಕಿ, ಹಳದಿ ಗಜ್ಜರಿ, ಕಡಲೆ, ಒಣದ್ರಾಕ್ಷಿ ಎಲ್ಲ ಕಾಣುವುದರಿಂದ ಮಾಂಸದ ತುಂಡುಗಳನ್ನು ಬದಿಗೆ ಸರಿಸಿ ಕೊಡುತ್ತೇವೆಂದು ಹೋಟೆಲಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ; ಆದರೆ ಅಕ್ಕಿ ಬೆಂದಿರುವುದೇ ಮಾಂಸದ ರಸದಲ್ಲಿ. ಸಾಮ್ಸಾ ಎಂಬ ತಂದೂರಿನಲ್ಲಿ ಬೇಯಿಸಿದ ತಿಂಡಿಯಲ್ಲಿ ಕುಂಬಳಕಾಯಿ ತುಂಬಿದ್ದೂ ಸಿಗುತ್ತದೆ, ಅದರಲ್ಲಿಯೂ ಕುರಿಯ ಬಾಲದ ಕೊಬ್ಬನ್ನು ಸಣ್ಣಗೆ ಹೆಚ್ಚಿ ಬೆರೆಸುವ ರೂಢಿಯಿದೆ. ಲಗ್ಮಾನ್ ಎಂಬ ಶಾವಿಗೆಯ ತಿಳಿಸಾರಿನ ತಳದಲ್ಲಿರುವುದೂ ಮಾಂಸವೇ. ಹೀಗಾಗಿ ಕಣ್ಣಿಗೆ ಮಾಂಸ ಕಾಣಲಿಲ್ಲವೆಂಬುದನ್ನು ನಂಬಿ ಅತ್ತೆಯವರಿಗೆ ಏನನ್ನೂ ಬಡಿಸಬೇಡಿ. ಮಾಂಸ ಬೇಡವೆನ್ನಲು ಉಜ್ಬೇಕಿಯಲ್ಲಿ ಗೋಶ್ತ್‌ಸಿಜ್, ರಷ್ಯನ್ನಿನಲ್ಲಿ ಬೆಜ್ ಮ್ಯಾಸಾ ಎನ್ನಬೇಕು. ಕೊಬ್ಬು ಮತ್ತು ಸಾರಿನ ವಿಷಯವನ್ನು ಅದರೊಂದಿಗೆ ಪ್ರತ್ಯೇಕವಾಗಿಯೇ ಕೇಳಬೇಕು. ಫೋನಿನಲ್ಲಿ ಅನುವಾದ ಮಾಡಿಸಿ ಬರೆದಿಟ್ಟುಕೊಳ್ಳಿ.

ಇಷ್ಟು ಹೇಳಿ ಹೆದರಿಸುವುದು ನನ್ನ ಉದ್ದೇಶವಲ್ಲ, ಏಕೆಂದರೆ ಚೊರ್ಸು ಬಜಾರಿಗೆ ಹೋದರೆ ಸಸ್ಯಾಹಾರಿಯ ಹೊಟ್ಟೆ ತುಂಬುತ್ತದೆ. ನೀಲಿ ಹಸಿರು ಬಣ್ಣದ ದೊಡ್ಡ ಗುಮ್ಮಟದ ಕೆಳಗೆ ಮತ್ತು ಅದರ ಸುತ್ತ ಹರಡಿಕೊಂಡಿರುವ ಮಾರುಕಟ್ಟೆ ಅದು. ನಾನ್ ಎಂಬ ದುಂಡನೆಯ ರೊಟ್ಟಿಯನ್ನು ಕಣ್ಣೆದುರೇ ತಂದೂರಿನಿಂದ ಕಿತ್ತು ಕೊಡುತ್ತಾರೆ. ನಡುವೆ ಚುಚ್ಚುಗಳ ಚಿತ್ತಾರ, ಮೇಲೆ ಎಳ್ಳು. ಆ ಬಿಸಿ ರೊಟ್ಟಿಗೆ ಕತ್ತಿಕ್ ಎಂಬ ಗಟ್ಟಿ ಮೊಸರು, ಟೊಮೆಟೊ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿದ ಅಚ್ಚಿಚುಕ್, ನಮ್ಮ ಮನೆಯಿಂದ ಒಯ್ದ ಶೇಂಗಾ ಚಟ್ನಿಪುಡಿ ಸೇರಿದರೆ ಅದು ನಿಜವಾದ ಊಟ. ಬಜಾರಿನಲ್ಲಿ ಕೊರಿಯನ್ ಹೆಂಗಸರು ಗಜ್ಜರಿ, ಎಲೆಕೋಸು, ಬದನೆಕಾಯಿಗಳನ್ನು ಖಾರ ಮತ್ತು ಬೆಳ್ಳುಳ್ಳಿ ಹಾಕಿ ಹುಳಿಗೊಳಿಸಿ ರಾಶಿಯಿಟ್ಟು ಮಾರುತ್ತಾರೆ. 1937ರಲ್ಲಿ ಸ್ಟಾಲಿನ್ ಸೋವಿಯತ್ ದೇಶದ ದೂರಪೂರ್ವದ ಗಡಿಯಲ್ಲಿದ್ದ ಕೊರಿಯನ್ನರನ್ನು ರೈಲುಗಳಲ್ಲಿ ತುಂಬಿ ಈ ಕಡೆಗೆ ಗಡೀಪಾರು ಮಾಡಿದ. ಅವರ ಮೊಮ್ಮಕ್ಕಳ ಕೈರುಚಿ ಇದು. ಕೆಲವದರಲ್ಲಿ ಮೀನು ಅಥವಾ ಮಾಂಸ ಇರುವುದರಿಂದ ಕೇಳಿಯೇ ಕೊಳ್ಳಿ. ನೀವು ಹೋಗುವ ಸಮಯಕ್ಕೆ ದಾಳಿಂಬೆ, ದ್ರಾಕ್ಷಿ, ಖರಬೂಜ ಬಂದಿರುತ್ತವೆ. ಒಣ ಜರ್ದಾಳು, ಬಾದಾಮಿ, ಅಕ್ರೋಟು ಎಷ್ಟು ಬಗೆ ಎಂದು ಹೇಳಿ ಮುಗಿಯದು, ಬೆಲೆಯಲ್ಲಿ ಚೌಕಾಶಿ ಸಾಧ್ಯ. ಅತ್ತೆಯವರ ಬಾಯಿಗೆ ನವಾತ್ ಎಂಬ ಕಲ್ಲುಸಕ್ಕರೆಯೂ ಹಿಡಿಸುತ್ತದೆ, ಹಸಿರು ಚಹದೊಂದಿಗೆ ಅದನ್ನು ಕಚ್ಚಿಕೊಂಡು ಕುಡಿಯುವುದು ಅಲ್ಲಿಯ ಪದ್ಧತಿ. ಭಾರತೀಯ ಉಪಾಹಾರಗೃಹಗಳೂ ತಾಷ್ಕೆಂಟಿನಲ್ಲಿ ಇವೆ, ದಿನಕ್ಕೊಂದು ಹೊತ್ತು ಅಲ್ಲಿ ಅನ್ನ ಬೇಳೆ ಸಿಗುವುದಾದರೆ ವಯಸ್ಸಾದವರಿಗೆ ನೆಮ್ಮದಿ. ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದರೆ ಇನ್ನೂ ಒಳ್ಳೆಯದು, ಆದರೆ ಹಾಗೆ ಉಳಿದಾಗ ವಿದೇಶೀಯರ ನೋಂದಣಿಯನ್ನು ಮನೆಯೊಡೆಯರು ಮಾಡಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಹೋಟೆಲಿನವರು ತಾವಾಗಿಯೇ ಮಾಡುತ್ತಾರೆ. ಅವರು ಕೊಡುವ ಚೀಟಿಯನ್ನು ಮಾತ್ರ ದೇಶ ಬಿಡುವವರೆಗೆ ಕಳೆಯಬೇಡಿ. ನಲ್ಲಿಯ ನೀರು ಕುಡಿಯಬೇಡಿ.

ಮನೆಯಿಂದ ಅವಲಕ್ಕಿ, ಕಟಕ ರೊಟ್ಟಿ, ಸಾರಿನ ಪುಡಿ ಒಯ್ಯುವಾಗ ಒಂದು ಎಚ್ಚರಿಕೆ. ದುಬೈ ಅಥವಾ ಶಾರ್ಜಾ ಮಾರ್ಗವಾಗಿ ಹೋಗುವುದಾದರೆ ಗಸಗಸೆ ಹಾಕಿದ ಯಾವ ಪುಡಿಯೂ, ಉಂಡೆಯೂ ಚೀಲದಲ್ಲಿ ಇರಕೂಡದು, ಆ ದೇಶದಲ್ಲಿ ಅದು ನಿಷಿದ್ಧ ವಸ್ತು. ಔಷಧಿಗಳ ವಿಷಯದಲ್ಲಿ ಉಜ್ಬೇಕಿಸ್ತಾನವೂ ಕಟ್ಟುನಿಟ್ಟು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ತೊಂದರೆಯಿಲ್ಲ. ಕೋಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ನಿದ್ರೆಯ ಮಾತ್ರೆ ಇವುಗಳ ವಿಷಯದಲ್ಲಿ ವೈದ್ಯರನ್ನು ಮೊದಲೇ ಕೇಳಿ, ಬೇರೆ ಔಷಧಿಗೆ ಬದಲಾಯಿಸಲು ಸಾಧ್ಯವಾದರೆ ಬದಲಾಯಿಸಿಕೊಳ್ಳಿ. ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಬರೆದ ಚೀಟಿ ಇರಲಿ, ಮಾತ್ರೆಗಳು ಅಂಗಡಿಯ ಮೂಲ ಪೊಟ್ಟಣದಲ್ಲಿಯೇ ಇರಲಿ.

ಗಂಡಸರ ಗುಂಪುಗಳ ಮಾತು ಸುಳ್ಳಲ್ಲ, ಅಂಥ ಪ್ರವಾಸಗಳು ನಮ್ಮ ದೇಶದಿಂದ ಹೋಗುತ್ತವೆ ಮತ್ತು ಅವುಗಳಿಂದ ನಮ್ಮ ಹೆಸರು ಕೆಡುತ್ತಿರುವುದು ನನಗೆ ನೋವಿನ ವಿಷಯ. ಆದರೆ ಅದು ಆ ಊರಿನ ಗುಣವಲ್ಲ. ಬಸ್ಸು, ಮೆಟ್ರೊಗಳಲ್ಲಿ ಹಿರಿಯರು ಹತ್ತಿದರೆ ಹುಡುಗರು ಎದ್ದು ಜಾಗ ಬಿಡುತ್ತಾರೆ. ಎದೆಯ ಮೇಲೆ ಕೈಯಿಟ್ಟು ವಂದಿಸುತ್ತಾರೆ. ಸೀರೆ ಉಟ್ಟ ಅತ್ತೆಯವರನ್ನು ಕಂಡರೆ ವಯಸ್ಸಾದ ಹೆಂಗಸರು ರಾಜ್ ಕಪೂರ್ ಹೆಸರು ಹೇಳಿ ಮಾತಿಗೆಳೆಯದೆ ಬಿಡುವುದಿಲ್ಲ.

ಉತ್ತರ: ಮಾಟುಂಗಾದ ಇತಿಹಾಸ ವಿದ್ಯಾರ್ಥಿ

ಚಿಂಚವಡದ ಹಿರಿಯರ ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ, ಗೌರವದಿಂದಲೇ ಹೇಳುತ್ತೇನೆ. ಒಂದೇ ವಾರದ ರಜೆಯಿರುವ ಕುಟುಂಬ ತಾಷ್ಕೆಂಟಿಗೆ ಮೂರು ದಿನ ಕೊಟ್ಟರೆ ಸಮರ್ಖಂಡಕ್ಕೆ ಉಳಿಯುವುದೆಷ್ಟು? ಬುಖಾರಾವನ್ನು ಕೈಬಿಡಬೇಕಾಗುತ್ತದೆ. ಸಮರ್ಖಂಡದ ರೇಗಿಸ್ತಾನ್ ಚೌಕದಲ್ಲಿ ಎದುರುಬದುರಾಗಿ ನಿಂತಿರುವ ಮೂರು ಮದರಸಾಗಳನ್ನು ಹಗಲಿನಲ್ಲೊಮ್ಮೆ, ದೀಪ ಹತ್ತಿದ ಮೇಲೊಮ್ಮೆ ನೋಡಲೇಬೇಕು. ಉಲೂಗ್ ಬೇಗ್ 1417ರಿಂದ 1420ರ ನಡುವೆ ಮೊದಲನೆಯದನ್ನು ಕಟ್ಟಿಸಿದ; ಎರಡನೆಯದು ಶೇರ್‌ದಾರ್, ಮೂರನೆಯದು ತಿಲ್ಲಾಕಾರಿ, ಇವೆರಡೂ ಹದಿನೇಳನೆಯ ಶತಮಾನದವು. ಒಂಬತ್ತನೆಯ ತರಗತಿಯ ಮಗಳಿಗೆ ನಾನು ಮೊದಲು ತೋರಿಸುವುದು ಉಲೂಗ್ ಬೇಗನ ಖಗೋಳ ವೀಕ್ಷಣಾಲಯದ ಅವಶೇಷವನ್ನು. ಬೆಟ್ಟದ ನೆಲದೊಳಗೆ ಕೊರೆದ ಭಾರೀ ಕಲ್ಲಿನ ಕಮಾನು ಈಗಲೂ ಇದೆ. ಅದನ್ನು 1908ರಲ್ಲಿ ಅಗೆದು ಕಂಡುಕೊಂಡರು. ಅಲ್ಲಿ ಸಿದ್ಧವಾದ ನಕ್ಷತ್ರಪಟ್ಟಿಯನ್ನು ಮೂರು ಶತಮಾನಗಳ ನಂತರ ನಮ್ಮ ಸವಾಯಿ ಜಯಸಿಂಹ ಅಭ್ಯಾಸ ಮಾಡಿ, ಜಂತರ್ ಮಂತರ್‌ಗಳನ್ನು ಕಟ್ಟಿಸಿದ. ತೈಮೂರನ ಸಮಾಧಿ ಗೂರ್ ಎಮೀರ್ ಕೂಡ ಅಲ್ಲಿಯೇ. 1398ರಲ್ಲಿ ದಿಲ್ಲಿಯನ್ನು ಸೂರೆಗೈದವನನ್ನು ಅವರು ರಾಷ್ಟ್ರಪುರುಷನೆಂದು ಪೂಜಿಸುವುದನ್ನು ನೋಡುವಾಗ ಭಾರತೀಯನ ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ನೋಡಬೇಕು.

ತಾಷ್ಕೆಂಟಿಗೆ ಎರಡು ದಿನ ಸಾಕೆಂಬುದು ನನ್ನ ಎಣಿಕೆ. ಭೂಕಂಪಕ್ಕೂ ಮೊದಲಿನ ಊರನ್ನು ಕಾಣಬೇಕಾದರೆ ಹಜ್ರತಿ ಇಮಾಮ್ ಸಂಕೀರ್ಣಕ್ಕೆ ಹೋಗಿ. ಹದಿನಾರನೆಯ ಶತಮಾನದ ಬರಾಕ್ ಖಾನ್ ಮದರಸಾ ಅಲ್ಲಿದೆ. ಏಳನೆಯ ಶತಮಾನದ ಖಲೀಫ ಉಸ್ಮಾನರದೆಂದು ನಂಬಲಾದ, ಜಿಂಕೆಯ ತೊಗಲಿನ ಮೇಲೆ ಬರೆದ ಪ್ರಾಚೀನ ಕುರಾನ್ ಪ್ರತಿಯೊಂದು ಈ ಊರಿನ ಹಿರಿಮೆ. ಅದು ಎಂಟು ಒಂಬತ್ತನೆಯ ಶತಮಾನದ್ದೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1869ರಲ್ಲಿ ರಷ್ಯನ್ನರು ಅದನ್ನು ಸಮರ್ಖಂಡದಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ಒಯ್ದಿದ್ದರು, ಕ್ರಾಂತಿಯ ನಂತರ ಅದು ಮಧ್ಯ ಏಷ್ಯಾಕ್ಕೆ ಮರಳಿತು. ಅದು ಯಾವ ಕಟ್ಟಡದಲ್ಲಿ ಪ್ರದರ್ಶನದಲ್ಲಿದೆಯೆಂದು ಸ್ಥಳದಲ್ಲಿಯೇ ವಿಚಾರಿಸಿ, ಏಕೆಂದರೆ ಪಕ್ಕದಲ್ಲಿ ಇಸ್ಲಾಮೀ ನಾಗರಿಕತೆಯ ಹೊಸ ಕೇಂದ್ರವನ್ನು ಕಟ್ಟಿದ್ದಾರೆ. ಚೊರ್ಸು ಬಜಾರಿನ ಎದುರಿನ ಕುಕೆಲ್ದಾಶ್ ಮದರಸಾ ಮತ್ತು ಹಿಂದಿನ ಹಳೆಯ ಓಣಿಗಳನ್ನು ಅದೇ ದಿನ ನೋಡಬಹುದು.

ಇನ್ನು ವ್ಯವಹಾರ. ಭಾರತೀಯರಿಗೆ ಇ-ವೀಸಾ 2018ರಿಂದ ಇದೆ, ಸರಕಾರದ ಅಧಿಕೃತ ಜಾಲತಾಣದಲ್ಲಿಯೇ ಅರ್ಜಿ ಹಾಕಿ. ಮೂವತ್ತು ದಿನದೊಳಗಿನ ಒಂದು ಪ್ರವೇಶಕ್ಕೆ ಶುಲ್ಕ 20 ಡಾಲರ್. ಅದನ್ನೇ ಹಲವು ಪಟ್ಟು ಹಣಕ್ಕೆ ಮಾಡಿಕೊಡುವ ನಕಲಿ ತಾಣಗಳಿವೆ, ಎಚ್ಚರವಿರಲಿ. ರೂಪಾಯಿ ಅಲ್ಲಿ ನಡೆಯುವುದಿಲ್ಲ, ಯುಪಿಐಯನ್ನೂ ನಂಬಿಕೊಂಡು ಹೋಗಬೇಡಿ. ಮಡಿಕೆಯಿಲ್ಲದ ಹೊಸ ಡಾಲರ್ ನೋಟುಗಳನ್ನು ಒಯ್ದು ಬ್ಯಾಂಕಿನಲ್ಲಿ ಅಲ್ಲಿಯ ಹಣವಾದ ಸೋಮ್‌ಗೆ ಬದಲಾಯಿಸಿಕೊಳ್ಳಿ. ನೂರು ಡಾಲರಿಗೆ ಹತ್ತು ಲಕ್ಷ ಸೋಮ್‌ಗೂ ಹೆಚ್ಚು ಬರುವುದರಿಂದ ಸೊನ್ನೆಗಳನ್ನು ಎಣಿಸುವ ಅಭ್ಯಾಸ ಮೊದಲ ದಿನವೇ ಆಗಬೇಕು. ವಿಮಾನದ ವಿಷಯದಲ್ಲಿ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ಭಾರತೀಯ ಸಂಸ್ಥೆಯ ದಿಲ್ಲಿ-ತಾಷ್ಕೆಂಟ್ ಸೇವೆ ನಿಂತುಹೋಯಿತೆಂಬುದನ್ನು ನೆನಪಿಡಿ. ಟಿಕೆಟ್ ಕಾಯ್ದಿರಿಸುವ ಮುನ್ನ ಆ ದಿನಗಳಲ್ಲಿ ಯಾವ ಸಂಸ್ಥೆ ಹಾರಾಡುತ್ತಿದೆ, ರದ್ದಾದರೆ ಹಣ ಮರಳುತ್ತದೆಯೇ ಎಂದು ನೋಡಿಕೊಳ್ಳಿ. ಡ್ರೋನ್ ಒಯ್ಯಬೇಡಿ, ಅನುಮತಿಯಿಲ್ಲದೆ ತಂದರೆ ಕಾನೂನಿನ ತೊಂದರೆ.

ಮರುಪ್ರಶ್ನೆ: ಡೊಂಬಿವಲಿಯ ಸೊಸೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಮ್ಮ ಮನೆಯವರೆಲ್ಲರ ನಮಸ್ಕಾರಗಳು. ವಾಸ್ಕೋದ ಅಕ್ಕನವರ ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ, ಗಸಗಸೆಯ ಮಾತು ಕೇಳಿ ಉಂಡೆಗಳ ಯೋಜನೆಯನ್ನು ಆಗಲೇ ಬದಲಾಯಿಸಿದ್ದಾರೆ. ಬುಖಾರಾವನ್ನು ಬಿಟ್ಟು, ತಾಷ್ಕೆಂಟಿಗೆ ಮೂರು ದಿನ, ಸಮರ್ಖಂಡಕ್ಕೆ ಎರಡು ರಾತ್ರಿ ಎಂದು ಯಜಮಾನರೂ ಒಪ್ಪಿದರು. ಎರಡು ಸಂಗತಿ ಕೇಳುವುದು ಉಳಿದಿದೆ. ಶಾಸ್ತ್ರಿಯವರಿಗೆ ಸಂಬಂಧಿಸಿದ ಜಾಗಗಳು ಯಾವುವು, ಅಲ್ಲಿಗೆ ಹೋಗಲು ಅನುಮತಿ ಬೇಕೇ? ಸಮರ್ಖಂಡದ ವೇಗದ ರೈಲಿಗೆ ಟಿಕೆಟ್ ಇಲ್ಲಿಂದಲೇ ತೆಗೆಯಬಹುದೇ?

ಉತ್ತರ: ಚಿಂಚವಡದ ನಿವೃತ್ತ ಎಂಜಿನಿಯರ್

ಶಾಸ್ತ್ರಿಯವರ ಹೆಸರಿನ ರಸ್ತೆಯೇ ತಾಷ್ಕೆಂಟಿನಲ್ಲಿದೆ, ಅಲ್ಲಿ ಅವರ ಎದೆಮಟ್ಟದ ಪ್ರತಿಮೆಯಿದೆ. ತೆರೆದ ಜಾಗವಾದ್ದರಿಂದ ಅನುಮತಿಯ ಮಾತಿಲ್ಲ, ಟ್ಯಾಕ್ಸಿಯವರಿಗೆ ನಕ್ಷೆಯಲ್ಲಿ ತೋರಿಸಿದರೆ ಸಾಕು. ನಮ್ಮ ರಾಯಭಾರ ಕಚೇರಿಗೆ ಸೇರಿದ, ಅವರದೇ ಹೆಸರಿನ ಸಾಂಸ್ಕೃತಿಕ ಕೇಂದ್ರವೂ ಊರಿನಲ್ಲಿದೆ. ಅಲ್ಲಿ ಸ್ಥಳೀಯ ಮಕ್ಕಳು ಹಿಂದಿ, ಕಥಕ್, ಯೋಗ ಕಲಿಯುತ್ತಾರೆ. ಮೊದಲೇ ಮಿಂಚಂಚೆ ಬರೆದು ಯಾವ ದಿನ ಬರಬಹುದೆಂದು ಕೇಳಿಕೊಳ್ಳಿ. ಅವರ ಹೆಸರಿನ ಶಾಲೆಯಲ್ಲಿಯೂ ಹಿಂದಿ ಕಲಿಸುತ್ತಾರೆ, ಆದರೆ ಶಾಲೆಯೊಳಗೆ ಪ್ರವಾಸಿಗರಾಗಿ ನುಗ್ಗುವುದು ಸರಿಯಲ್ಲ.

ಹೋಗುವ ಮೊದಲು ಮಗಳಿಗೆ ಹಿನ್ನೆಲೆಯನ್ನು ಅತ್ತೆಯವರೇ ಹೇಳಲಿ. ಸೋವಿಯತ್ ಪ್ರಧಾನಿ ಕೊಸಿಗಿನ್ ಅವರ ಮಧ್ಯಸ್ಥಿಕೆಯಲ್ಲಿ 1966ರ ಜನವರಿ 4ರಿಂದ ಮಾತುಕತೆ ನಡೆದು, 10ರಂದು ಶಾಸ್ತ್ರಿಯವರೂ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರೂ ಒಪ್ಪಂದಕ್ಕೆ ಸಹಿ ಹಾಕಿದರು. ಎರಡೂ ಸೈನ್ಯಗಳು ಯುದ್ಧದ ಮೊದಲಿನ ಸ್ಥಾನಕ್ಕೆ ಹಿಂದಿರುಗಬೇಕೆಂಬುದು ಅದರ ಮುಖ್ಯ ನಿರ್ಧಾರ, ಯುದ್ಧದಲ್ಲಿ ನಮ್ಮ ಸೈನ್ಯ ಗೆದ್ದಿದ್ದ ಕಾಶ್ಮೀರದ ಹಾಜಿ ಪೀರ್ ಕಣಿವೆಯನ್ನು ಬಿಟ್ಟುಕೊಡಬೇಕಾಗಿ ಬಂದದ್ದು ಅದರಿಂದಲೇ. ಅದೇ ರಾತ್ರಿ ಕಳೆದು ತಾರೀಖು 11 ಆಗಿದ್ದಾಗ ಅವರು ತೀರಿಕೊಂಡರು. ಶವಪೆಟ್ಟಿಗೆಯನ್ನು ವಿಮಾನಕ್ಕೆ ಒಯ್ಯುವಾಗ ಹೆಗಲು ಕೊಟ್ಟವರಲ್ಲಿ ಕೊಸಿಗಿನ್ ಮತ್ತು ಅಯೂಬ್ ಖಾನ್ ಇಬ್ಬರೂ ಇದ್ದರು. ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ ಭೂಕಂಪವಾಯಿತು. ಶಾಸ್ತ್ರಿಯವರು ನೋಡಿದ ತಾಷ್ಕೆಂಟ್ ಬಹುಪಾಲು ಈಗ ಇಲ್ಲವೆಂಬುದನ್ನು ಅತ್ತೆಯವರಿಗೆ ಮೊದಲೇ ತಿಳಿಸಿ. ಆ ಕಾಲದ ಬೀದಿಗಳನ್ನು ಹುಡುಕಿ ನಿರಾಶರಾಗುವುದು ತಪ್ಪುತ್ತದೆ.

ಅವರಿಗೆ ತೋರಿಸಬೇಕಾದ ಮತ್ತೊಂದು ಪ್ರತಿಮೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಾಅಹ್ಮದ್ ಶಾಮಹ್ಮೂದೊವ್ ಎಂಬ ಕಮ್ಮಾರನೂ ಅವನ ಹೆಂಡತಿ ಬಹ್ರಿಯೂ ರಷ್ಯಾ, ಉಕ್ರೇನ್ ಮುಂತಾದ ಕಡೆಗಳಿಂದ ಇಲ್ಲಿಗೆ ಸಾಗಿಸಲ್ಪಟ್ಟ 15 ಅನಾಥ ಮಕ್ಕಳನ್ನು ಮನೆಗೆ ತಂದು ಸಾಕಿದರು. ಆ ಕುಟುಂಬದ ಸ್ಮಾರಕ 1982ರಿಂದ ನಗರದ ನಡುವೆ ಇತ್ತು, 2008ರಲ್ಲಿ ಅದನ್ನು ತೆಗೆದು ಹೊರವಲಯಕ್ಕೆ ಸಾಗಿಸಿದರು, 2018ರಲ್ಲಿ ಮತ್ತೆ ಹಳೆಯ ಜಾಗಕ್ಕೇ ತಂದು ನಿಲ್ಲಿಸಿದರು.

ರೈಲಿನ ವಿಷಯವನ್ನು ಮಾಟುಂಗಾದ ಗೆಳೆಯರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಉತ್ತರ: ಮಾಟುಂಗಾದ ಇತಿಹಾಸ ವಿದ್ಯಾರ್ಥಿ

ತೆಗೆಯಬಹುದು. ಅಫ್ರಾಸಿಯಾಬ್ ಎಂಬ ಆ ರೈಲು ಸ್ಪೇನಿನ ಟಾಲ್ಗೊ ಸಂಸ್ಥೆಯದು, 2011ರಿಂದ ಓಡುತ್ತಿದೆ. ಸುಮಾರು 340 ಕಿಲೋಮೀಟರ್ ದೂರವನ್ನು ಎರಡು ಗಂಟೆಗೆ ಸ್ವಲ್ಪ ಮೇಲೆ ಕ್ರಮಿಸುತ್ತದೆ. ಅಕ್ಟೋಬರ್ ಅಲ್ಲಿ ಪ್ರವಾಸದ ಹಂಗಾಮು, ಆದ್ದರಿಂದ ಅವರ ರೈಲ್ವೆಯ ಜಾಲತಾಣದಲ್ಲಿ ನಿಮ್ಮ ದಿನದ ಟಿಕೆಟ್ ತೆರೆದ ಕೂಡಲೇ ಕೊಂಡುಬಿಡಿ. ಸಿಗದಿದ್ದರೆ ನಿಧಾನವಾದ ಶರ್ಕ್ ರೈಲು ಇದೆ, ಅದೂ ಅನುಕೂಲವಾದದ್ದೇ. ಹೆಸರು ಮತ್ತು ಸಂಖ್ಯೆ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಬೇಕು, ಏಕೆಂದರೆ ನಿಲ್ದಾಣದ ಬಾಗಿಲಲ್ಲಿ ಎರಡನ್ನೂ ಹೋಲಿಸಿ ನೋಡಿಯೇ ಒಳಗೆ ಬಿಡುತ್ತಾರೆ. ತಾಷ್ಕೆಂಟಿನಲ್ಲಿ ಉತ್ತರ, ದಕ್ಷಿಣ ಎಂದು ಎರಡು ನಿಲ್ದಾಣಗಳಿವೆ, ಊರಿನ ಬೇರೆ ಬೇರೆ ಭಾಗಗಳಲ್ಲಿ. ಹಿಂದಿನ ದಿನವೇ ಟಿಕೆಟ್ ನೋಡಿ ಯಾವುದೆಂದು ಗುರುತು ಹಾಕಿಕೊಳ್ಳಿ, ಮುಕ್ಕಾಲು ಗಂಟೆ ಮೊದಲು ತಲುಪುವಂತೆ ಹೊರಡಿ.